ಕಾವಲುಗಾರನಿಗೂ ಒಂದು ಕಾವಲು

ಸರ್ವರ್ ಕೆಟ್ಟರೆ ಅದರ ಮೇಲೆ ಕಣ್ಣಿಟ್ಟಿರೋ ಜ್ಯಾಬಿಕ್ಸ್ ಹೇಳುತ್ತೆ. ಜ್ಯಾಬಿಕ್ಸೇ ಕೆಟ್ಟರೆ?

ಯಾವ ಯಂತ್ರ ನೋಡಬೇಕು, ಯಾವಾಗ ಎಚ್ಚರಿಸಬೇಕು ಎಂಬ ಸೆಟ್ಟಿಂಗ್ ಎಲ್ಲ ಇರೋದು ಅದರ ಡೇಟಾಬೇಸ್‌ನಲ್ಲೇ. ಆದರೆ ಹೆಚ್ಚು ಜಾಗ ತಿನ್ನೋದು ಹಿಸ್ಟರಿ, ಟ್ರೆಂಡ್ಸ್ ಟೇಬಲ್‌ಗಳು. ಹಾಗಾಗಿ ನಾವು ಸೆಟ್ಟಿಂಗ್ ಟೇಬಲ್‌ಗಳ ಬ್ಯಾಕಪ್ ದಿನಾ ರಾತ್ರಿ, ಪೂರ್ತಿ ಡೇಟಾಬೇಸ್‌ನದು ವಾರಕ್ಕೊಮ್ಮೆ ತೆಗೆಯುತ್ತೇವೆ. ಮೈಎಸ್‌ಕ್ಯೂಎಲ್ ಇನ್ನೋಡಿಬಿ ಟೇಬಲ್‌ಗಳಾದರೆ ಡಂಪ್ ತೆಗೆಯುವಾಗ ‘ಸಿಂಗಲ್-ಟ್ರಾನ್ಸಾಕ್ಷನ್’ ಆಯ್ಕೆ ಕೊಡಿ. ಬರೆಯುವ ಕೆಲಸಕ್ಕೆ ಬೀಗ ಬೀಳದೆ ನಿಗಾ ನಡೆದೇ ಇರುತ್ತೆ.

ಬ್ಯಾಕಪ್ಪನ್ನು ಅದೇ ಕೋಣೆಯಲ್ಲಿ ಇಡಬೇಡಿ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕಕ್ಕೆ ನುಗ್ಗಿದ್ದನ್ನು ಮೇಲವಂಕಿ ಕಡೆಯವರಿಗೆ ಹೇಳಬೇಕಿಲ್ಲ. ಒಟ್ಟಿಗಿದ್ದ ಮೂಲ, ನಕಲು ಒಟ್ಟಿಗೇ ಮುಳುಗುತ್ತವೆ. ಒಂದು ಪ್ರತಿ ಬೇರೆ ಊರಲ್ಲಿರಲಿ.

ತಿಂಗಳಿಗೊಮ್ಮೆ ಖಾಲಿ ಯಂತ್ರದಲ್ಲಿ ರಿಸ್ಟೋರ್ ಮಾಡಿ ನೋಡಿ. ರಿಸ್ಟೋರ್ ಆಗದ ಬ್ಯಾಕಪ್ ಬರೀ ಫೈಲು, ಅಷ್ಟೇ.