ಕೌದಿಯೊಳಗೆ ವ್ಯಾನ್ ಗೋ

ಈ ಕೌದಿ ನೋಡಿ. ಸೂರ್ಯಕಾಂತಿ ಹೊಲ. ಹಾರಿಯೆಟ್ ಟಬ್‌ಮನ್, ರೋಸಾ ಪಾರ್ಕ್ಸ್, ಇನ್ನೂ ಹಲವು ಕಪ್ಪು ಹೋರಾಟಗಾರ್ತಿಯರು ಸೇರಿ ಹೂವಿನ ಕೌದಿಯೊಂದನ್ನು ಹಿಡಿದಿದ್ದಾರೆ. ಪಕ್ಕದಲ್ಲಿ ಹೂದಾನಿ ಹಿಡಿದು ನಿಂತವನು? ಚಿತ್ರಕಾರ ವ್ಯಾನ್ ಗೋ!

ಬೇರೆ ಬೇರೆ ಕಾಲದ ಇವರನ್ನೆಲ್ಲ 1991ರಲ್ಲಿ ಒಂದೆಡೆ ಕೂಡಿಸಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಕಲಾವಿದೆ ಫೇತ್ ರಿಂಗೋಲ್ಡ್.

ಮುಖಗಳೆಲ್ಲ ಹೊಲಿಗೆಯಲ್ಲಿ ಮೂಡಿದವು ಅಂದುಕೊಂಡಿರಾ? ಅಲ್ಲ. ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಣ್ಣದ ಚಿತ್ರ, ಸುತ್ತ ಬಟ್ಟೆ ತುಂಡು ಜೋಡಿಸಿದ ಅಂಚು. ಜೊತೆಗೆ ಬರೆದ ಕಥೆ. ಮರದ ಚೌಕಟ್ಟಿಲ್ಲ, ಸುರುಳಿ ಸುತ್ತಿ ಎಲ್ಲಿಗೆ ಬೇಕಾದರೂ ಕಳಿಸಬಹುದು.

ರಿಂಗೋಲ್ಡ್ ತಮ್ಮ ಮೊದಲ ಕೌದಿ ಮಾಡಿದ್ದು 1980ರಲ್ಲಿ, ಅಮ್ಮನ ಜೊತೆ ಕೂತು. ಅಮ್ಮ ಫ್ಯಾಷನ್ ಡಿಸೈನರ್. ಸೂಜಿ ದಾರ ಮನೆಯಲ್ಲೇ ಇತ್ತು.

ನನ್ನ ಕೇಳಿದರೆ, ಇಲ್ಲಿ ವ್ಯಾನ್ ಗೋ ಬರೀ ಅತಿಥಿ. ಚಿತ್ರ ಈ ಹೆಂಗಸರದ್ದು.