ಕಾಲಿನ ರಕ್ತನಾಳ ಉಬ್ಬಿದಾಗ ಬೇರು, ಸೊಪ್ಪು, ಎಣ್ಣೆ ಎಷ್ಟರ ಮಟ್ಟಿಗೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ನಿಂತೇ ದುಡಿಯುವವರು ಬಹಳ ಮಂದಿ. ಹೋಟೆಲಿನ ಒಲೆ ಮುಂದಿರುವವರು, ಬಸ್ ಕಂಡಕ್ಟರುಗಳು, ಮೇಷ್ಟ್ರುಗಳು, ದೇವಸ್ಥಾನದ ದಾಸೋಹದಲ್ಲಿ ಅಡುಗೆ ಮಾಡುವವರು, ಸಂತೆಯ ವ್ಯಾಪಾರಿಗಳು. ಇಂಥವರಲ್ಲಿ ಹಲವರ ಮೀನಖಂಡದ ಮೇಲೆ ನೀಲಿ ಹಸಿರು ಬಣ್ಣದ ಸುರುಳಿಗಳು ಎದ್ದಿರುತ್ತವೆ. ಸಂಜೆಯಾದರೆ ಕಾಲು ಭಾರ, ರಾತ್ರಿ ಸೆಳೆತ. ಜನ ಇದನ್ನು ನರ ಗಂಟು ಕಟ್ಟಿದೆ ಅನ್ನುತ್ತಾರೆ, ಡಾಕ್ಟರು ವೆರಿಕೋಸ್ ವೇನ್ಸ್ ಅನ್ನುತ್ತಾರೆ. ಇದಕ್ಕೆ ಊರೂರಲ್ಲೂ ಒಂದೊಂದು ಮದ್ದಿದೆ. ಕೆಲವನ್ನು ಉಳಿಸಿಕೊಳ್ಳಬಹುದು. ಇನ್ನು ಕೆಲವು ಕಾಲನ್ನೇ ಹಾಳು ಮಾಡುತ್ತವೆ.

“ಇದು ನರದೌರ್ಬಲ್ಯ, ಶಕ್ತಿಯ ಇಂಜೆಕ್ಷನ್ ಹಾಕಿಸಿದರೆ ಸರಿಹೋಗುತ್ತದೆ”

ಉಬ್ಬಿರುವುದು ಕಾಲಿನಿಂದ ಹೃದಯಕ್ಕೆ ರಕ್ತ ಹಿಂತಿರುಗಿಸುವ ನಾಳ. ಬಿ12 ಇಂಜೆಕ್ಷನ್ ಅದನ್ನು ಮುಟ್ಟುವುದೂ ಇಲ್ಲ. ಬಾವಿಗೆ ಮೋಟಾರು ಇಳಿಸಿದವರಿಗೆ ಫುಟ್‌ವಾಲ್ವ್ ಗೊತ್ತು. ಅದು ಸೋರಿದರೆ ಮೇಲೇರಿದ ನೀರು ಮತ್ತೆ ಬಾವಿಗೇ ಇಳಿಯುತ್ತದೆ. ಕಾಲಿನ ನಾಳದ ಉದ್ದಕ್ಕೂ ಅಂಥ ಕವಾಟಗಳಿವೆ. ಅವು ಸಡಿಲವಾದಾಗ ರಕ್ತ ಕೆಳಕ್ಕೆ ಜಾರಿ ನಿಲ್ಲುತ್ತದೆ, ಒತ್ತಡಕ್ಕೆ ನಾಳ ಹಿಗ್ಗಿ ಸುರುಳಿಯಾಗುತ್ತದೆ. ಸುಮ್ಮನೆ ನಿಂತಾಗ ಹರಡಿನ ಹತ್ತಿರದ ನಾಳದಲ್ಲಿ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 90 ಮಿಲಿಮೀಟರ್ ಇರುತ್ತದೆ. ನಡೆಯತೊಡಗಿದರೆ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಆರೋಗ್ಯವಂತ ಕಾಲಿನಲ್ಲಿ ಆ ಒತ್ತಡ 30ಕ್ಕಿಂತ ಕೆಳಗಿಳಿಯುತ್ತದೆ. ನಡಿಗೆಯಿಂದ ಕಾಲು ಕೆಡುವುದಿಲ್ಲ, ಒಂದೇ ಕಡೆ ಗಂಟೆಗಟ್ಟಲೆ ನಿಲ್ಲುವುದರಿಂದ ಕೆಡುತ್ತದೆ. ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಬಸುರು, ಬೊಜ್ಜು, ವಯಸ್ಸು ಅದಕ್ಕೆ ಕೂಡಿಕೊಳ್ಳುತ್ತವೆ.

“ಪಾವಗಡದ ನೀರಿನಿಂದ ಬಂದದ್ದು”

ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಿಜ, ಅದರಿಂದ ಜನ ಪಟ್ಟ ಕಷ್ಟವೂ ನಿಜ. ಆದರೆ ಫ್ಲೋರೈಡ್ ಹಿಡಿಯುವುದು ಹಲ್ಲು ಮತ್ತು ಮೂಳೆಯನ್ನು. ಮಂಡಿ, ಬೆನ್ನು ಬಿಗಿದು ಬಗ್ಗಲಾಗದಂತೆ ಮಾಡುತ್ತದೆ, ರಕ್ತನಾಳ ಉಬ್ಬಿಸುವುದಿಲ್ಲ. ಎರಡೂ ಒಬ್ಬರಲ್ಲೇ ಇರಬಹುದು, ಆಗ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಬೆಳಿಗ್ಗೆ ಎದ್ದಾಗ ಹೆಚ್ಚಾಗಿದ್ದು ಓಡಾಡಿದ ಮೇಲೆ ಸಡಿಲಾಗುವ ನೋವು ಸಾಮಾನ್ಯವಾಗಿ ಕೀಲಿನದು. ಸಂಜೆಗೆ ಏರಿ, ಕಾಲು ಎತ್ತಿಟ್ಟರೆ ಇಳಿಯುವ ಭಾರ ನಾಳದ್ದು.

“ಕೆಟ್ಟ ರಕ್ತ ನಿಂತಿದೆ, ಜಿಗಣೆ ಕಚ್ಚಿಸಿ ತೆಗೆಯಬೇಕು”

ಆ ರಕ್ತ ಆಮ್ಲಜನಕ ಕಳೆದುಕೊಂಡಿದೆ, ಕೆಟ್ಟಿಲ್ಲ. ಶ್ವಾಸಕೋಶಕ್ಕೆ ಹೋದರೆ ಮತ್ತೆ ಆಮ್ಲಜನಕ ತುಂಬಿಕೊಳ್ಳುತ್ತದೆ. ಜಿಗಣೆ ಒಂದಿಷ್ಟು ರಕ್ತ ಹೀರಿದರೂ ಕವಾಟ ಹಾಗೇ ಸೋರುತ್ತಿರುತ್ತದೆ. ಆಯುರ್ವೇದ ಆಸ್ಪತ್ರೆಗಳಲ್ಲಿ ಸಾಕಿದ ಜಿಗಣೆಯನ್ನು ನಿಗಾ ಇಟ್ಟು ಬಳಸುವ ಪದ್ಧತಿಯೇ ಬೇರೆ, ಕೆರೆಯ ಜಿಗಣೆ ತಂದು ಅಂಟಿಸುವುದೇ ಬೇರೆ. ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾದಿಂದ ಗಾಯ ಕೀವಾಗಬಹುದು. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇದರ ಹತ್ತಿರ ಹೋಗಲೇಬಾರದು.

“ಸಿದ್ಧರಬೆಟ್ಟದ ಬೇರು ತಂದರೆ ನಾಳ ಮೊದಲಿನಂತಾಗುತ್ತದೆ”

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಮೂಲಿಕೆಗೆ ಹೆಸರಾದ ಬೆಟ್ಟ. ಅದರ ಮೇಲಿನ ನಂಬಿಕೆಯನ್ನು ಹಗುರ ಮಾಡುವ ಇರಾದೆ ನನಗಿಲ್ಲ. ಆಯುರ್ವೇದಕ್ಕೂ ಈ ಕಾಯಿಲೆ ಹೊಸದಲ್ಲ. ಸುಶ್ರುತ ಸಂಹಿತೆ ‘ಸಿರಾಜ ಗ್ರಂಥಿ’ ಎಂದು ಹೇಳಿ, ಬಲವಿಲ್ಲದವರು ಮಿತಿಮೀರಿ ದುಡಿದರೆ ಬರುತ್ತದೆ ಎನ್ನುತ್ತದೆ. ನೋವಿರುವ ಗಂಟು ಗುಣವಾಗುವುದು ಕಷ್ಟ ಎಂದೂ ಅದೇ ಗ್ರಂಥ ಒಪ್ಪಿಕೊಳ್ಳುತ್ತದೆ. ಪವಾಡದ ಮಾತಾಡುವವರಿಗಿಂತ ಸುಶ್ರುತನೇ ಹೆಚ್ಚು ಪ್ರಾಮಾಣಿಕ.

ಪ್ರಯೋಗಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದ ಗಿಡಮದ್ದು ಯುರೋಪಿನ ಹಾರ್ಸ್ ಚೆಸ್ಟ್‌ನಟ್ ಬೀಜದ ಸತ್ವ. 2012ರ ಕಾಕ್ರೇನ್ ಪರಿಶೀಲನೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಅಲ್ಪಾವಧಿಯಲ್ಲಿ ನೋವು, ಊತ, ತುರಿಕೆ ಕಡಿಮೆಯಾಗುತ್ತದೆ ಎಂದಿತು. ಹಸಿ ಬೀಜ ವಿಷ, ಶುದ್ಧಗೊಳಿಸಿದ ಸತ್ವ ಮಾತ್ರ ಬಳಕೆಗೆ ಯೋಗ್ಯ. ನಮ್ಮ ಗದ್ದೆ ಬದುಗಳ ಒಂದೆಲಗದ ಸತ್ವದಿಂದಲೂ ಸಣ್ಣ ಪ್ರಯೋಗಗಳಲ್ಲಿ ಊತ ಇಳಿದಿದೆ. ಆದರೆ ಅಲ್ಲಿ ಕೊಟ್ಟದ್ದು ಸಾಂದ್ರ ಸತ್ವ. ಒಂದೆಲಗದ ಚಟ್ನಿ ಊಟಕ್ಕೆ ಒಳ್ಳೆಯದು, ಅದರಿಂದ ಅಷ್ಟು ಫಲ ನಿರೀಕ್ಷಿಸಬಾರದು. ಆಯುರ್ವೇದ ವೈದ್ಯರು ಸಹಚರಾದಿ ಕಷಾಯ, ತೈಲ ಕೊಡುತ್ತಾರೆ. ಕೆಲವರಿಗೆ ಭಾರ ಇಳಿದಂತೆನಿಸುತ್ತದೆ. ಭಾರ ಇಳಿಯುವುದು ಸಣ್ಣ ಲಾಭವಲ್ಲ, ಹಗಲೆಲ್ಲ ನಿಂತವರಿಗೆ ಅದರ ಬೆಲೆ ಗೊತ್ತು. ಆದರೆ ಸೋರುವ ಕವಾಟವನ್ನು ಮತ್ತೆ ಮುಚ್ಚಿಸಿದ ಬೇರು, ಸೊಪ್ಪು ಈವರೆಗೆ ಯಾವುದೂ ಇಲ್ಲ.

ಹೆಸರಿಲ್ಲದ, ಲೇಬಲ್ ಇಲ್ಲದ ಪುಡಿ ಪೊಟ್ಟಣಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ದೇಶದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಎರಡೇ ದಿನಕ್ಕೆ ನೋವು ಮಾಯವಾದರೆ ಸಂತೋಷಕ್ಕಿಂತ ಅನುಮಾನ ಮೊದಲು ಬರಲಿ. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ, ಚರ್ಮ ತೆಳುವಾಗಿಸುತ್ತದೆ. ಹುಣ್ಣಾಗಲು ಕಾದಿರುವ ಕಾಲಿಗೆ ಅದಕ್ಕಿಂತ ಕೇಡು ಬೇಕಿಲ್ಲ.

“ಬಿಸಿ ಎಣ್ಣೆ ಹಚ್ಚಿ ಗಂಟು ಒಡೆಯುವಂತೆ ಉಜ್ಜಬೇಕು”

ಬೆಚ್ಚಗಿನ ಹರಳೆಣ್ಣೆಯನ್ನು ಪಾದದಿಂದ ಮೇಲಕ್ಕೆ ಹಗುರವಾಗಿ ಸವರಿದರೆ ಒಣ ಚರ್ಮಕ್ಕೆ ಹಿತ. ಬಲವಾಗಿ ತಿಕ್ಕುವುದು ಬೇಡ. ನಾಳ ಕೆಂಪಗಾಗಿ, ಮುಟ್ಟಿದರೆ ನೋಯುವಂತೆ ಗಟ್ಟಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಎಕ್ಕದ ಎಲೆ ಕಾಯಿಸಿ ಕಟ್ಟುವವರಿದ್ದಾರೆ. ಅದರ ಹಾಲು ತೆಳುವಾದ ಚರ್ಮವನ್ನು ಸುಡುತ್ತದೆ.

“ಹುಣ್ಣು ಮೊದಲು ಮಾಯಲಿ, ಆಪರೇಷನ್ ಆಮೇಲೆ”

ಒಳಹರಡಿನ ಮೇಲೆ ಚರ್ಮ ಕಪ್ಪಾಗಿ, ತುರಿಸಿ, ಒಡೆದು ಹುಣ್ಣಾದ ಮೇಲೆ ತಿಂಗಳುಗಟ್ಟಲೆ ಸೊಪ್ಪು ಅರೆದು ಕಟ್ಟುವವರನ್ನು ಕಂಡರೆ ಸಂಕಟವಾಗುತ್ತದೆ. ಹುಣ್ಣಿಗೆ ಕಾರಣ ಒಳಗಿನ ಒತ್ತಡ. ಅದು ಇಳಿಯದೆ ಮೇಲಿನ ಗಾಯ ಮಾಯುವುದು ದುಸ್ತರ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒತ್ತುಪಟ್ಟಿಯ ಜೊತೆಗೆ ಬೇಗನೆ ನಾಳ ಮುಚ್ಚಿಸಿಕೊಂಡವರ ಹುಣ್ಣು ಮಾಯಲು ಹಿಡಿದದ್ದು ಮಧ್ಯಮಾಂಕದಲ್ಲಿ 56 ದಿನ, ತಡಮಾಡಿದವರಿಗೆ 82 ದಿನ. ಕಾಯುವುದರಲ್ಲಿ ಲಾಭವಿಲ್ಲ.

“ನಾಳ ತೆಗೆದರೆ ಕಾಲಿಗೆ ರಕ್ತವೇ ಇಲ್ಲದಂತಾಗುತ್ತದೆ” ಎಂಬ ಹೆದರಿಕೆಗೂ ಕಾರಣವಿಲ್ಲ. ಕಾಲಿನ ರಕ್ತದ ಬಹುಪಾಲು ಸ್ನಾಯುಗಳ ನಡುವಿನ ಆಳದ ನಾಳಗಳಲ್ಲಿ ಮೇಲೇರುತ್ತದೆ. ಡಾಪ್ಲರ್ ಸ್ಕ್ಯಾನಿನಲ್ಲಿ ಆಳದ ದಾರಿ ತೆರೆದಿದೆಯೆಂದು ನೋಡಿಕೊಂಡೇ ಮೇಲಿನ ನಾಳವನ್ನು ಲೇಸರ್, ರೇಡಿಯೊತರಂಗ ಅಥವಾ ನೊರೆಯ ಇಂಜೆಕ್ಷನ್ನಿನಿಂದ ಮುಚ್ಚುತ್ತಾರೆ. ವರ್ಷಗಳ ನಂತರ ಬೇರೆ ನಾಳ ಉಬ್ಬಬಹುದು, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

“ಬಿಗಿ ಕಾಲುಚೀಲ ಯಾರು ಬೇಕಾದರೂ ಹಾಕಿಕೊಳ್ಳಬಹುದು”

ಬಹಳ ಮಂದಿಗೆ ಅದೇ ಮುಖ್ಯ ಮದ್ದು. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲೇ ಹಾಕಬೇಕು, ರಾತ್ರಿ ತೆಗೆಯಬೇಕು. ಪಾವಗಡದ ಏಪ್ರಿಲ್ ಬಿಸಿಲಲ್ಲಿ ಅದು ಹಿಂಸೆಯೇ. ಆಗ ಹೆಚ್ಚು ಹೊತ್ತು ನಿಂತಿರುವ ವೇಳೆಗಾದರೂ ಹಾಕಿಕೊಂಡು, ಬಿಡುವಾದಾಗ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿಡಿ. ಆದರೆ ಸಕ್ಕರೆ ಕಾಯಿಲೆಯವರು, ವರ್ಷಗಟ್ಟಲೆ ಬೀಡಿ ಸೇದಿದವರು ಡಾಕ್ಟರಿಗೆ ತೋರಿಸಿ, ಕಾಲಿಗೆ ರಕ್ತ ತರುವ ಧಮನಿ ಚೆನ್ನಾಗಿದೆಯೆಂದು ಖಚಿತವಾದ ಮೇಲಷ್ಟೇ ಹಾಕಬೇಕು. ಇಲ್ಲವಾದರೆ ಬಿಗಿ ಚೀಲವೇ ಬೆರಳಿಗೆ ಕುತ್ತು.

“ಉಬ್ಬಿದ ನಾಳ ಒಡೆದರೆ ಮೇಲುಗಡೆ ಹಗ್ಗ ಕಟ್ಟಬೇಕು”

ಕಟ್ಟಬಾರದು. ಬಚ್ಚಲಲ್ಲಿ ಚೂರು ತಗುಲಿದರೂ ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಬಹುದು. ಮೇಲೆ ಕಟ್ಟಿದರೆ ಇನ್ನಷ್ಟು ಹರಿಯುತ್ತದೆ. ತಕ್ಷಣ ಮಲಗಿಸಿ, ಕಾಲನ್ನು ಎತ್ತಿ ಹಿಡಿದು, ಒಡೆದ ಜಾಗದ ಮೇಲೆಯೇ ಶುಭ್ರವಾದ ಬಟ್ಟೆಯಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ. ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋಯತೊಡಗಿದರೆ, ಜೊತೆಗೆ ಉಸಿರು ಕಟ್ಟಿದರಂತೂ, ಯಾವ ಕಷಾಯವನ್ನೂ ಕಾಯಿಸುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.