ಎಳೆ ಸುರುಳಿ ಹೇಳುವ ಹೆಸರು

ಎಳ್ಳಮವಾಸ್ಯೆ ಜಾತ್ರೆ ಮುಗಿದು ವಾರವಾಗಿತ್ತು. ತೀರ್ಥಹಳ್ಳಿಯ ಕಮಾನು ಸೇತುವೆಯ ಕೆಳಗೆ ತುಂಗೆ ತಗ್ಗಿದ್ದಳು. ಮಳೆಗಾಲದಲ್ಲಿ ಕಣ್ಣಿಗೇ ಬೀಳದ ಬಂಡೆಗಳೆಲ್ಲ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ್ದವು. ಬಹಳ ವರ್ಷದಿಂದ ಅಕ್ವೇರಿಯಂ ಗಿಡ ಬೆಳೆಸುತ್ತಿರುವ ಗೆಳೆಯರೊಬ್ಬರ ಜೊತೆ ನಾನೂ ಚಪ್ಪಲಿ ದಡದಲ್ಲಿ ಬಿಟ್ಟು ಹೊಳೆಗಿಳಿದೆ.

ಮೇಲ್ಬದಿಗೆ ಅರ್ಧ ಗಂಟೆ ನಡೆದಿರಬೇಕು. ಎರಡು ಬಂಡೆಗಳ ಸಂದಿನ ಮರಳಿನಲ್ಲಿ ಹುಲ್ಲಿನಂಥದೊಂದು ಬುಡ ಕಂಡಿತು. ಗೆಳೆಯರು ಕೂತರು, ನಾನೂ ಕೂತೆ. ಹತ್ತಿರದಿಂದ ನೋಡಿದರೆ ಹುಲ್ಲಲ್ಲ. ಕಿರಿದಾದ ಉದ್ದನೆಯ ಎಲೆ, ನಡುವೆ ದಪ್ಪ ನರ, ಅಂಚಿನಲ್ಲಿ ಸೀರೆಯ ನಿರಿಗೆಯಂಥ ಅಲೆ. ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್. ಮೀನಿನಂಗಡಿಯಲ್ಲಿ ಇದರ ಬಳಗಕ್ಕೆಲ್ಲ ‘ಕ್ರಿಪ್ಟ್’ ಎಂಬ ಒಂದೇ ಹೆಸರು.

ಬುಡದಿಂದ ಸಣ್ಣ ಕೊಳವೆಯೊಂದು ಎದ್ದು, ತುದಿಯಲ್ಲಿ ಹಗ್ಗ ಹೊಸೆದಂತೆ ತಿರುಚಿಕೊಂಡಿತ್ತು. ಅದೇ ಹೂವಿನ ಹೊದಿಕೆ. ನಿಜವಾದ ಹೂಗಳು ಕೊಳವೆಯ ತಳದಲ್ಲಿ, ಪುಟ್ಟ ಗದೆಯಂಥ ಕಡ್ಡಿಗೆ ಅಂಟಿಕೊಂಡಿರುತ್ತವೆ. ಗ್ರೀಕ್ ಮೂಲದ ‘ಕ್ರಿಪ್ಟೊಕೊರೈನ್’ ಪದಕ್ಕೆ ಅಡಗಿದ ಗದೆ ಎಂದೇ ಅರ್ಥ. ವಾಸನೆಗೆ ಒಳಹೊಕ್ಕ ಸಣ್ಣ ನೊಣಗಳು ಅಲ್ಲಿ ಸಿಕ್ಕಿಬೀಳುತ್ತವೆ. ಮೊದಲು ಹೆಣ್ಣು ಹೂ ಪಕ್ವವಾಗಿ, ಆಮೇಲೆ ಗಂಡು ಹೂ ಪರಾಗ ಸುರಿಸಿದ ಬಳಿಕ ಮೈಗೆ ಧೂಳು ಬಳಿದುಕೊಂಡು ಹೊರಬರುತ್ತವೆ. ನಮ್ಮ ಪತ್ರೊಡೆಯ ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದೇ ಗಿಡವಿದು.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇದು ನೀರಿನಡಿ ಇರುತ್ತದೆ. ಹೊಳೆ ಇಳಿದು ಬುಡಕ್ಕೆ ಗಾಳಿ ಬೆಳಕು ತಾಗಿದಾಗ ಹೂ ಬಿಡುತ್ತದೆ. ನೀರಿನ ಏರಿಳಿತವೇ ಇದರ ಪಂಚಾಂಗ.

ಹೊಳೆ ಬಿಟ್ಟು ಅಡಿಕೆ ತೋಟದ ಪಕ್ಕದ ಹಳ್ಳಕ್ಕೆ ಹೊರಳಿದೆವು. ಅಲ್ಲಿ ನೆರಳು, ಕೆಸರು, ನಿಧಾನದ ನೀರು. ಮೊಣಕಾಲು ಮೀರಿ ಬೆಳೆದ ಅಗಲ ಎಲೆಗಳ ಗುಂಪಿತ್ತು: ಲ್ಯಾಗೆನಾಂಡ್ರಾ ಒವಾಟಾ. ಕ್ರಿಪ್ಟ್‌ನ ದಾಯಾದಿ. ಹೂವಿಲ್ಲದ ಕಾಲದಲ್ಲಿ ಎರಡನ್ನೂ ಬೇರೆ ಮಾಡುವುದು ಹೇಗೆಂದು ಕೇಳಿದೆ. ಗೆಳೆಯರು ಇನ್ನೂ ಬಿಚ್ಚದ ಎಳೆ ಎಲೆಯೊಂದನ್ನು ಬೆರಳಲ್ಲಿ ಹಿಡಿದು ತೋರಿಸಿದರು. ಎರಡೂ ಅಂಚುಗಳು ಎದುರುಬದುರಾಗಿ ಒಳಕ್ಕೆ ಸುತ್ತಿಕೊಂಡು ನಡುವಿನಲ್ಲಿ ಸಂಧಿಸಿದ್ದವು, ಎರಡು ಕಡೆಯಿಂದ ಸುತ್ತಿಟ್ಟ ಓಲೆಯ ಹಾಗೆ. ಕ್ರಿಪ್ಟ್‌ನ ಎಳೆ ಎಲೆ ಹಾಗಲ್ಲ. ಚಾಪೆ ಸುತ್ತಿದಂತೆ ಒಂದು ಅಂಚಿನಿಂದ ಶುರುವಾಗಿ ಇನ್ನೊಂದು ಅಂಚು ಮೇಲೆ ಬರುತ್ತದೆ. ಗಿಡದ ಕುಲವನ್ನು ಎಳೆ ಸುರುಳಿಯೇ ಹೇಳಿಬಿಡುತ್ತದೆ.

ಮಧ್ಯಾಹ್ನ ಅವರ ಮನೆಯಲ್ಲಿ ಮೂರಡಿ ಗಾಜಿನ ತೊಟ್ಟಿಯ ಮುಂದೆ ಕೂತೆವು. ನರ್ಸರಿಯಿಂದ ತಂದು ಬೆಳೆಸಿದ ರೆಟ್ರೊಸ್ಪೈರಾಲಿಸ್ ಹಿಂಬದಿಯಲ್ಲಿ ತೊನೆಯುತ್ತಿತ್ತು. ಪಕ್ಕದಲ್ಲೇ ವ್ಯಾಲಿಸ್ನೇರಿಯಾ. ದೂರಕ್ಕೆ ಎರಡೂ ಒಂದೇ. ಆದರೆ ವ್ಯಾಲಿಸ್ನೇರಿಯಾದ ಎಲೆ ರಿಬ್ಬನ್ನಿನಂತೆ ಚಪ್ಪಟೆ, ತೆಳು, ಎದ್ದು ಕಾಣುವ ನಡುನರವಿಲ್ಲ.

ನಾನು ಮೊದಲ ಸಲ ಕ್ರಿಪ್ಟ್ ತಂದು ನೆಟ್ಟಾಗ ವಾರದೊಳಗೆ ಎಲೆಗಳೆಲ್ಲ ಗಾಜಿನಂತೆ ಬಿಳಿಚಿ ಕರಗಿದ್ದವು. ಸತ್ತಿತೆಂದು ಕಿತ್ತು ಬಿಸಾಡಿದ್ದೆ. ಅದನ್ನು ಹೇಳಿದಾಗ ಗೆಳೆಯರ ಮುಖದಲ್ಲಿ ನೋವು ಕಂಡಿತು. ‘ಮೆಲ್ಟ್ ಆಗೋದು ಸಾಯೋದಲ್ಲ’ ಎಂದರು. ನರ್ಸರಿಗಳು ಈ ಗಿಡಗಳನ್ನು ಹೆಚ್ಚಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ತೊಟ್ಟಿಗೆ ಇಳಿಸಿದಾಗ ಗಾಳಿಗೆಂದು ಹುಟ್ಟಿದ ಎಲೆಗಳು ಉದುರುತ್ತವೆ. ಬುಡ ಗಟ್ಟಿಯಿದ್ದರೆ ಕೆಲವು ವಾರಗಳಲ್ಲಿ ನೀರಿಗೆ ಹೊಂದುವ ಎಲೆ ಬರುತ್ತದೆ. ಆ ಹೊತ್ತಿನಲ್ಲಿ ಕೊಳೆತದ್ದನ್ನು ತೆಗೆಯಬೇಕು, ಬೇರನ್ನು ಮುಟ್ಟಬಾರದು.

ಅವರ ಆರೈಕೆಯೆಲ್ಲ ಹೊಳೆಯಿಂದ ಕಲಿತದ್ದೇ. ಬಂಡೆ ಸಂದಿನಲ್ಲಿ ಬೇರು ಆಳಕ್ಕೆ ಹೋಗುವ ಗಿಡಕ್ಕೆ ಮೂರು ಇಂಚು ತಳ ಬೇಕು, ಗೊಬ್ಬರ ಬೇರಿನ ಬಳಿಯೇ ಬೇಕು. ದಿನಕ್ಕೆ ಏಳೆಂಟು ಗಂಟೆ ಬೆಳಕು ಸಾಕು, ಹೆಚ್ಚಾದರೆ ಪಾಚಿ. ಅನುಬಿಯಾಸ್, ಜಾವಾ ಫರ್ನ್‌ಗಳದ್ದು ಬೇರೆಯೇ ಬದುಕು. ಕಲ್ಲು, ಕೊರಡು ಹಿಡಿದು ಬೆಳೆಯುವ ಅವುಗಳ ಕಾಂಡವನ್ನು ಮಣ್ಣಲ್ಲಿ ಹೂತರೆ ಕೊಳೆಯುತ್ತದೆ. ಗಿಡ ಯಾವುದೆಂದು ತಿಳಿಯದೆ ನೆಡುವ ಕೈ ಎಷ್ಟು ಪ್ರೀತಿಯದಾದರೂ ಗಿಡವನ್ನು ಕೊಲ್ಲಬಲ್ಲದು.

ಹೊಳೆಯಿಂದ ಒಂದು ಬುಡವನ್ನೂ ಅವರು ಕೀಳಲಿಲ್ಲ. ತೊಟ್ಟಿಯಲ್ಲಿ ಕತ್ತರಿಸಿದ್ದನ್ನು ಹಳ್ಳಕ್ಕೂ ಎಸೆಯುವುದಿಲ್ಲ. ಒಣಗಿಸಿ ತೆಂಗಿನ ಬುಡಕ್ಕೆ ಹಾಕುತ್ತಾರೆ. ಎಸೆದ ಗಿಡ ಅಲ್ಲೇ ಬೇರೂರಿ ಹಬ್ಬಬಹುದು. 2020ರಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ತೋಡಿನ ತುಂಬ ಗುಲಾಬಿ ಹೂವರಳಿ ಜನ ಮುಗಿಬಿದ್ದದ್ದು ನೆನಪಿರಬಹುದು. ಅದು ದಕ್ಷಿಣ ಅಮೆರಿಕದ ಕಬೊಂಬಾ, ಅಕ್ವೇರಿಯಂ ಗಿಡ. ನೋಟ ಚೆಂದ, ಆದರೆ ಅಡಿಯಲ್ಲಿ ನೀರಿನ ಹರಿವು ಕಟ್ಟುತ್ತದೆ, ಬೆಳಕು ತಪ್ಪುತ್ತದೆ.

ಹೊರಡುವಾಗ ನನ್ನ ಕೈಗೆ ಚಿಕ್ಕ ಮರಿಯೊಂದನ್ನು ಕೊಟ್ಟರು, ತೊಟ್ಟಿಯಲ್ಲಿ ಹಬ್ಬಿದ ಬಳ್ಳಿಬೇರಿನಿಂದ ಬಿಡಿಸಿದ್ದು. ಈಗ ನನ್ನ ಮನೆಯಲ್ಲಿ, ನೀರು ಬದಲಾದದ್ದಕ್ಕೆ, ಅದರ ಹಳೆಯ ಎಲೆಗಳು ಕರಗುತ್ತಿವೆ. ನಾನು ಕಿತ್ತಿಲ್ಲ. ಇಂದು ಬೆಳಿಗ್ಗೆ ಬುಡದ ನಡುವೆ ಸೂಜಿಯಷ್ಟು ಹಸಿರು ಕಂಡಿತು. ಭೂತಗನ್ನಡಿ ಹಿಡಿದು ನೋಡಿದೆ: ಚಾಪೆ ಸುತ್ತಿದ ಹಾಗೆ, ಒಂದೇ ಕಡೆಯಿಂದ.